ಫೈಲ್ ಮಾತ್ರ ಅಲ್ಲ, ಇಡೀ ಕಂಪ್ಯೂಟರೇ ವಾಪಸ್ ಬಂತು: ವೀಮ್ ಉಚಿತ ಬ್ಯಾಕಪ್ ಬಳಸಿದ ಅನುಭವ

ಕಳೆದ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ. ಎಸ್‌ಎಸ್‌ಡಿ, ಅಂದರೆ ವಿಂಡೋಸ್, ಫೈಲು ಎಲ್ಲ ಇರುವ ಒಳಗಿನ ಡಿಸ್ಕ್, ಹೋಗಿತ್ತು. ಉಡುಪಿಯಲ್ಲಿ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ) ಕೆಲಸ ಮಾಡುವವರಿಗೆ ಮಾರ್ಚ್ ಅಂದರೆ ಏನು ಅಂತ ಗೊತ್ತು. ನೇಮದ (ದೈವದ ಉತ್ಸವದ) ಕರಪತ್ರ, ಮದುವೆ ಕಾಗದ, ಜೊತೆಗೆ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ 24 ಪುಟದ ಆಮಂತ್ರಣ. ಸಮಿತಿಯವರು ಕೂತು ದಾನಿಗಳ ಹೆಸರನ್ನು ಒಂದೊಂದಾಗಿ ತಿದ್ದಿಸಿ, ಮಾರನೇ ದಿನ ಪ್ರಿಂಟಿಗೆ ಕೊಡಿ ಅಂತ ಹೇಳಿ ಹೋಗಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಫೈಲು ಅದೇ ಪೇಜ್‌ಮೇಕರ್‌ನಲ್ಲಿ (ಪುಟ ಜೋಡಿಸುವ ಸಾಫ್ಟ್‌ವೇರ್) ತೆರೆದುಕೊಂಡಿತು. ಉಳಿಸಿದ್ದು ವೀಮ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್, ಅದಕ್ಕೇ ಈ ರಿವ್ಯೂ.

ನಾನು ಮೊದಲೂ ಬ್ಯಾಕಪ್ ಇಡುತ್ತಿದ್ದೆ. ವಾರಕ್ಕೊಮ್ಮೆ ಫೋಲ್ಡರ್‌ಗಳನ್ನು ಕಾಪಿ ಮಾಡಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕುವುದು, ಅಷ್ಟೇ. ಕೆಲವು ವರ್ಷದ ಹಿಂದೆ ಒಂದು ಡಿಸ್ಕ್ ಕೆಟ್ಟಾಗ ಫೈಲುಗಳೆಲ್ಲ ಸಿಕ್ಕಿದವು, ಆದರೂ ನಾಲ್ಕು ದಿನ ಕೆಲಸ ನಿಂತಿತು. ಯಾಕೆ ಅಂದರೆ ನಮ್ಮ ಕೆಲಸ ಇನ್ನೂ ಪೇಜ್‌ಮೇಕರ್ 7ರಲ್ಲಿ ನಡೆಯುತ್ತದೆ. ಅದು 2001ರದ್ದು, ಆಮೇಲೆ ಅಡೋಬಿ ಹೊಸ ಆವೃತ್ತಿ ತರಲೇ ಇಲ್ಲ. ಅದಕ್ಕೆ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಪದ್ಧತಿ) ಬರುವುದಿಲ್ಲ, ಹಾಗಾಗಿ ನುಡಿ, ಶ್ರೀಲಿಪಿ ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳೇ ಬೇಕು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಫೈಲು ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಫಾಂಟು, ಕೀಬೋರ್ಡ್ ಸೆಟ್ಟಿಂಗು, ಪ್ರಿಂಟರ್ ಡ್ರೈವರ್, ಹಳೇ ಸಿಡಿ ಹುಡುಕುವುದು, ಇವೆಲ್ಲ ಮತ್ತೆ ಮೊದಲಿಂದ. ಇಂಥ ಅಂಗಡಿಗೆ ಬರೀ ಫೈಲು ಕಾಪಿ ಇಟ್ಟರೆ ಸಾಲುವುದಿಲ್ಲ, ಇಡೀ ಮೆಷಿನನ್ನೇ ಇದ್ದ ಹಾಗೆ ಎತ್ತಿಡಬೇಕು.

ಆ ಕೆಲಸಕ್ಕೆ ಮೊದಲು ಮ್ಯಾಕ್ರಿಯಮ್ ರಿಫ್ಲೆಕ್ಟ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಬಳಸಿದೆ. ಚೆನ್ನಾಗಿತ್ತು, ಆದರೆ 2024ರ ಜನವರಿಗೆ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದರು. ಆಗ ವೀಮ್ ಏಜೆಂಟ್ ಫಾರ್ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಬಂದೆ. ದೊಡ್ಡ ದೊಡ್ಡ ಸರ್ವರ್‌ಗಳ ಬ್ಯಾಕಪ್ ಮಾಡುವ ಕಂಪನಿಯದ್ದು. ಇಮೇಲ್ ಕೊಟ್ಟು ನೋಂದಾಯಿಸಿದರೆ ಉಚಿತ ಆವೃತ್ತಿ ಸಿಗುತ್ತದೆ.

ಹಾಕಿದ ಕೂಡಲೇ ಅದು ಕೇಳುವುದು ಮುಖ್ಯವಾಗಿ ಎರಡೇ: ಏನನ್ನು ಕಾಪಿ ಮಾಡಲಿ, ಎಲ್ಲಿಗೆ ಮಾಡಲಿ. ಇಡೀ ಕಂಪ್ಯೂಟರ್, ಯುಎಸ್‌ಬಿ ಡಿಸ್ಕ್‌ಗೆ ಅಂದೆ. ಮೊದಲ ಸಲ ಸುಮಾರು 160 ಜಿಬಿ, ಎರಡು ಗಂಟೆ ಮೇಲೆ ಹಿಡಿಯಿತು. ಆಮೇಲೆ ಬದಲಾದಷ್ಟನ್ನು ಮಾತ್ರ ಸೇರಿಸಿಕೊಳ್ಳುವುದರಿಂದ ದಿನಕ್ಕೆ ಕೆಲವೇ ನಿಮಿಷ. ನನಗೆ ತುಂಬಾ ಇಷ್ಟವಾಗಿದ್ದು ಬೇರೆ ಎರಡು ಸೆಟ್ಟಿಂಗ್. ಡಿಸ್ಕ್ ಚುಚ್ಚಿದ ಕೂಡಲೇ ಬ್ಯಾಕಪ್ ಶುರುವಾಗುವುದು ಒಂದು, ಮುಗಿದ ಮೇಲೆ ಡಿಸ್ಕನ್ನು ತಾನೇ ಇಜೆಕ್ಟ್ ಮಾಡುವುದು ಇನ್ನೊಂದು. ರಾನ್‌ಸಮ್‌ವೇರ್ (ಫೈಲಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಕಂಪ್ಯೂಟರ್‌ಗೆ ಅಂಟಿಕೊಂಡಿರುವ ಡಿಸ್ಕ್‌ನ ಫೈಲುಗಳಿಗೂ ಬೀಗ ಹಾಕಿಬಿಡುತ್ತದೆ, 2017ರ ವನ್ನಾಕ್ರೈ ಸಮಯದಲ್ಲಿ ಎಷ್ಟು ಜನ ಹೀಗೆ ಸಿಕ್ಕಿಬಿದ್ದರು ಅಲ್ವಾ. ಸಂಜೆ ಬಾಗಿಲು ಹಾಕುವ ಮೊದಲು ಚುಚ್ಚುತ್ತೇನೆ, ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಅದೂ ಮುಗಿದಿರುತ್ತದೆ.

ಒಂದೇ ಫೈಲು ಬೇಕಾದರೂ ಸುಲಭ. “ಮೊನ್ನೆ ಮಾಡಿದ್ದೇ ಚಂದ ಇತ್ತು ಮಾರಾಯ್ರೆ, ಅದನ್ನೇ ಹಾಕಿ” ಅಂತ ಗಿರಾಕಿ ಬಂದಾಗ ಮೊನ್ನೆಯ ಬ್ಯಾಕಪ್ ತೆರೆದು ಆ ಫೈಲನ್ನು ಎತ್ತಿಕೊಡುತ್ತೇನೆ. ನಾನು 14 ದಿನದ್ದು ಇಟ್ಟುಕೊಂಡಿದ್ದೇನೆ.

ಇನ್ನು ಆ ಮಾರ್ಚ್ ದಿನದ ಕಥೆ. ಹೊಸ ಎಸ್‌ಎಸ್‌ಡಿ ತಂದು ಹಾಕಿಸಿದೆ. ವೀಮ್‌ನಲ್ಲೇ ಮೊದಲೇ ಮಾಡಿಟ್ಟ ರಿಕವರಿ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ (ಶುರು) ಮಾಡಿ, ಬ್ಯಾಕಪ್ ಡಿಸ್ಕ್ ತೋರಿಸಿ, ಇಡೀ ಕಂಪ್ಯೂಟರ್ ಅಂತ ಆರಿಸಿದೆ. ಒಂದೂಕಾಲು ಗಂಟೆ. ರೀಸ್ಟಾರ್ಟ್ ಆದಾಗ ಡೆಸ್ಕ್‌ಟಾಪ್‌ನ ಐಕಾನ್‌ಗಳು ಕೂಡ ಇದ್ದಲ್ಲೇ ಇದ್ದವು. ನಿಜಕ್ಕೂ ಕಣ್ಣು ತುಂಬಿ ಬಂತು. ಈ ಪೆನ್‌ಡ್ರೈವ್ ಮಾಡಲು ಮಾತ್ರ ಯಾರೂ ಮರೆಯಬೇಡಿ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಮಾಡಿ, ಒಮ್ಮೆ ಅದರಿಂದ ಬೂಟ್ ಆಗುತ್ತದಾ ಅಂತ ನೋಡಿಯೂ ಇಡಿ.

ಕೊರತೆ ಇಲ್ಲ ಅಂತಲ್ಲ. ಉಚಿತ ಆವೃತ್ತಿಯಲ್ಲಿ ಒಂದೇ ಜಾಬ್ (ಏನನ್ನು, ಎಲ್ಲಿಗೆ, ಯಾವಾಗ ಕಾಪಿ ಮಾಡಬೇಕು ಅನ್ನುವ ಸೆಟ್ಟಿಂಗ್) ಇಡಬಹುದು, ಹಾಗಾಗಿ ಲೆಕ್ಕದ ಫೋಲ್ಡರ್‌ಗೆ ಬೇರೆ ಸಮಯ, ಇಡೀ ಮೆಷಿನ್‌ಗೆ ಬೇರೆ ಸಮಯ ಅಂತ ಇಡಲು ಆಗುವುದಿಲ್ಲ. ಎಲ್ಲವೂ ಇಂಗ್ಲಿಷ್, ಪದಗಳೂ ಆಫೀಸಿನ ಐಟಿಯವರಿಗೆ ಬರೆದ ಹಾಗೆ, ಮನೆಯ ಹಿರಿಯರಿಗೆ ಕೊಟ್ಟರೆ ಕಷ್ಟವಾಗುತ್ತದೆ. ಪಾಸ್‌ವರ್ಡ್ ಹಾಕಿ ಬ್ಯಾಕಪ್‌ಗೆ ಬೀಗ ಹಾಕಬಹುದು, ಒಳ್ಳೆಯದೇ, ಆದರೆ ಆ ಪಾಸ್‌ವರ್ಡ್ ಮರೆತರೆ ಡೇಟಾ ಹೋದ ಹಾಗೆಯೇ. ನಾನು ಬರೆದು ಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ.

ಡಿಸ್ಕ್ ಎರಡು ತೆಗೆದುಕೊಳ್ಳಿ, ದಯವಿಟ್ಟು. 2020ರ ಸೆಪ್ಟೆಂಬರ್‌ನ ಮಳೆಗೆ ಉಡುಪಿ ಪೇಟೆಯೊಳಗೆ ನೀರು ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಗಡಿಯ ಕಂಪ್ಯೂಟರೂ ಅದೇ ಮೇಜಿನ ಡ್ರಾಯರ್‌ನಲ್ಲಿರುವ ಡಿಸ್ಕೂ ಒಟ್ಟಿಗೇ ನೆನೆದರೆ ಏನು ಮಾಡುವುದು? ನನ್ನದು ಒಂದು ಅಂಗಡಿಯಲ್ಲಿ, ಇನ್ನೊಂದು ಮಲ್ಪೆಯ ಮನೆಯಲ್ಲಿ, ಪ್ರತಿ ಭಾನುವಾರ ಅದಲು ಬದಲು. ಉಪ್ಪುಗಾಳಿ, ಮಳೆಗಾಲದ ಥಂಡಿ ಎರಡೂ ಜಾಸ್ತಿ ಇರುವ ಊರು, ಹಾಗಾಗಿ ಮನೆಯದ್ದನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ.

ಪಕ್ಕದ ಅಂಗಡಿಯ ಶೆಟ್ರು ಇದನ್ನೆಲ್ಲ ನೋಡಿ, “ನಮ್ಮ ಟ್ಯಾಲಿ ದಿನವಿಡೀ ತೆರೆದೇ ಇರ್ತದೆ, ಅದು ಬರ್ತದಾ?” ಅಂತ ತಮ್ಮ ಲೆಕ್ಕದ ಸಾಫ್ಟ್‌ವೇರ್ ಬಗ್ಗೆ ಕೇಳಿದರು. ವೀಮ್ ವಿಂಡೋಸ್‌ನ ಶ್ಯಾಡೋ ಕಾಪಿ (ಆ ಕ್ಷಣದ ಡಿಸ್ಕ್‌ನ ಚಿತ್ರ ಹಿಡಿದಿಡುವ ಸೌಲಭ್ಯ) ಬಳಸುವುದರಿಂದ ತೆರೆದ ಫೈಲೂ ಬರುತ್ತದೆ, ಆದರೂ ಸಂಜೆ ಟ್ಯಾಲಿ ಮುಚ್ಚಿಯೇ ಡಿಸ್ಕ್ ಚುಚ್ಚಿ ಅಂದಿದ್ದೇನೆ. ಈ ಭಾನುವಾರ ಅವರ ಅಂಗಡಿಯಲ್ಲಿ ಹಾಕಿಕೊಡುವುದಿದೆ.