ಆರು ಗಂಟೆಯ ಸವಾರಿಗೆ ಬುತ್ತಿ: ಜೆಲ್, ಬಾಳೆಹಣ್ಣು, ಪಾನಕ, ಕಡುಬು – ಒಂದು ಹೋಲಿಕೆ

ಮೌಂಟನ್ ಬೈಕ್ ರೇಸಿಗೆ ಇಳಿಯುವ ನಮ್ಮಂಥ ಹವ್ಯಾಸಿಗಳು ಸೈಕಲ್ಲಿನ ಫ್ರೇಮು, ಟೈರು, ಸಸ್ಪೆನ್ಷನ್ ಕುರಿತು ವಾರಗಟ್ಟಲೆ ಚರ್ಚಿಸುತ್ತೇವೆ. ಆದರೆ ಆರೇಳು ಗಂಟೆ ಪೆಡಲ್ ತುಳಿಯುವ ದೇಹಕ್ಕೆ ದಾರಿಯಲ್ಲಿ ಏನು ಕೊಡಬೇಕು ಎನ್ನುವ ಯೋಚನೆಯನ್ನು ಹಿಂದಿನ ರಾತ್ರಿಗೆ ಬಿಟ್ಟುಬಿಡುತ್ತೇವೆ. ನಾನೂ ಮೂರು ವರ್ಷ ಹಾಗೆಯೇ ಮಾಡಿದೆ. ಹಿಮಾಚಲದಲ್ಲಿ ನಾಲ್ಕು ದಿನಗಳ ರೇಸೊಂದರ ಮೂರನೆಯ ದಿನ, ಏರಿನ ನಟ್ಟನಡುವೆ ಕಾಲುಗಳಲ್ಲಿ ತ್ರಾಣವೇ ಉಳಿಯದೆ, ಕಣ್ಣು ಮಂಜಾಗಿ, ಸೈಕಲನ್ನು ಬಂಡೆಗೆ ಒರಗಿಸಿ ಮುಕ್ಕಾಲು ಗಂಟೆ ಕುಳಿತ ಮೇಲೆ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡೆ. ಊರಿಗೆ ಮರಳಿದ ಮೇಲೆ ಒಂದು ಚಳಿಗಾಲ ಪೂರ್ತಿ, ಒಂದೇ ದಾರಿಯಲ್ಲಿ, ಒಂದೊಂದು ಭಾನುವಾರ ಒಂದೊಂದು ಬುತ್ತಿಯನ್ನು ಪರೀಕ್ಷಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದರ ಫಲ ಈ ಬರಹ.

ದಾರಿ ಚಿಕ್ಕಮಗಳೂರಿನಿಂದ ಹೊರಟು ಕೈಮರದ ಮೂಲಕ ಅತ್ತಿಗುಂಡಿ, ಬಾಬಾಬುಡನ್‌ಗಿರಿ ಕಂಡು, ಹಿಂತಿರುಗುವಾಗ ಸೀತಾಳಯ್ಯನಗಿರಿಯ ಕಡೆ ಹೊರಳಿ ಊರಿಗೆ ಇಳಿಯುತ್ತದೆ. ನಡುನಡುವೆ, ಪರಿಚಯದ ಮಾಲೀಕರ ಅನುಮತಿ ಪಡೆದು, ಕಾಫಿ ತೋಟದೊಳಗಿನ ಮಣ್ಣಿನ ದಾರಿಗಳನ್ನು ಸೇರಿಸಿಕೊಂಡಿದ್ದೇನೆ. ಸುಮಾರು 70 ಕಿ.ಮೀ. ದೂರ, ಒಟ್ಟು ಏರು ಎರಡು ಸಾವಿರ ಮೀಟರಿನ ಆಸುಪಾಸು. ನನ್ನ ವೇಗಕ್ಕೆ ಆರು ಗಂಟೆ ಹಿಡಿಯುತ್ತದೆ. ಬ್ಯಾಂಕಿನ ಕೆಲಸದಲ್ಲಿರುವ ನನಗೆ ವಾರದ ಉಳಿದ ದಿನಗಳಲ್ಲಿ ಬೆಳಗಿನ ಒಂದೂವರೆ ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲವಾದ್ದರಿಂದ, ಇಂಥ ಪರೀಕ್ಷೆಗೆ ಭಾನುವಾರವೊಂದೇ ಗತಿ.

ಮೊದಲು ಲೆಕ್ಕವನ್ನು ಹೇಳಿಬಿಡುತ್ತೇನೆ, ಏಕೆಂದರೆ ಲೆಕ್ಕವಿಲ್ಲದೆ ಹೋಲಿಕೆಗೆ ಅರ್ಥವಿಲ್ಲ. ನಮ್ಮ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಸೇರಿ ಗ್ಲೈಕೋಜೆನ್ ರೂಪದಲ್ಲಿ ಸಂಗ್ರಹವಾಗಿರುವ ಕಾರ್ಬೋಹೈಡ್ರೇಟ್ ಸುಮಾರು 500 ಗ್ರಾಂ, ಅಂದರೆ ಎರಡು ಸಾವಿರ ಕ್ಯಾಲೊರಿಯಷ್ಟು. ರೇಸಿನ ಬಿರುಸಿನಲ್ಲಿ ಇದು ಎರಡು ಮೂರು ಗಂಟೆಯೊಳಗೆ ತಳ ಕಾಣುತ್ತದೆ. ಕೊಬ್ಬು ಎಷ್ಟೇ ಇದ್ದರೂ ಅದು ಆ ವೇಗಕ್ಕೆ ಉರಿಯುವುದಿಲ್ಲ. ಸೈಕಲ್ ಬಳಗದವರು "ಬಾಂಕ್ ಆಯಿತು" ಎನ್ನುವುದು ಈ ಸ್ಥಿತಿಗೇ. ಅದನ್ನು ತಡೆಯಲು ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಬರೀ ಗ್ಲೂಕೋಸ್ ಆದರೆ ಕರುಳು ಹೀರಿಕೊಳ್ಳುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಫ್ರಕ್ಟೋಸ್‌ಗೆ ಕರುಳಿನಲ್ಲಿ ಬೇರೆಯದೇ ಬಾಗಿಲು ಇರುವುದರಿಂದ ಎರಡನ್ನೂ ಬೆರೆಸಿ ಕೊಟ್ಟರೆ 90 ಗ್ರಾಂವರೆಗೂ ಹೋಗಬಹುದು, ಆದರೆ ಅದಕ್ಕೆ ಹೊಟ್ಟೆಯನ್ನು ವಾರಗಟ್ಟಲೆ ಪಳಗಿಸಬೇಕು. ನನ್ನ ಗುರಿ 60 ಗ್ರಾಂ.

ಜೆಲ್ಲಿನಿಂದ, ಅಂದರೆ ಪೊಟ್ಟಣದಿಂದ ನೇರವಾಗಿ ಬಾಯಿಗೆ ಹಿಂಡಿಕೊಳ್ಳುವ ಸಕ್ಕರೆಯ ಗಟ್ಟಿ ಪಾಕದಿಂದ, ಆರಂಭಿಸಿದೆ. ಒಂದು ಪೊಟ್ಟಣದಲ್ಲಿ 22ರಿಂದ 25 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಗಂಟೆಗೆ ಎರಡೂವರೆ ಪೊಟ್ಟಣ, ಆರು ಗಂಟೆಗೆ ಹದಿನೈದು. ನಾನು ಕೊಂಡಾಗ ಒಂದರ ಬೆಲೆ ನೂರು ರೂಪಾಯಿಗೂ ಹೆಚ್ಚಿತ್ತು; ಒಂದು ಭಾನುವಾರದ ಅಭ್ಯಾಸಕ್ಕೆ ಒಂದೂವರೆ ಸಾವಿರ ರೂಪಾಯಿ ಎಂದರೆ ಸಂಬಳದ ಮನುಷ್ಯ ಯೋಚಿಸಬೇಕಾದ ಮೊತ್ತ. ಕೆಲಸ ಮಾಡುವುದರಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ. ನುಂಗಿದ ಹತ್ತು ಹದಿನೈದು ನಿಮಿಷಕ್ಕೆ ಕಾಲಿಗೆ ಬಲ ಬಂದದ್ದು ತಿಳಿಯುತ್ತದೆ, ಅಗಿಯುವ ಗೋಜಿಲ್ಲ, ತೂಕವೂ ಕಡಿಮೆ. ತೊಂದರೆ ಬಂದದ್ದು ನಾಲ್ಕನೆಯ ಗಂಟೆಯ ನಂತರ. ನಾಲಿಗೆ, ಗಂಟಲು ಎಲ್ಲ ಅಂಟಂಟಾಗಿ, ಇನ್ನೊಂದು ಪೊಟ್ಟಣ ಎಂದರೆ ಹೊಟ್ಟೆ ತೊಳಸುವಂತಾಯಿತು. ಜೊತೆಗೆ ಸಾಕಷ್ಟು ನೀರು ಕುಡಿಯದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ಗ್ಲೌಸ್ ಹಾಕಿದ ಕೈಯಲ್ಲಿ ಪೊಟ್ಟಣ ಹರಿಯುವ ಕಷ್ಟವನ್ನೂ ಹೇಳಲೇಬೇಕು. ಬಾಬಾಬುಡನ್‌ಗಿರಿಯಿಂದ ಇಳಿಯುವಾಗ, ಮುಂದೆ ಸಪಾಟು ಜಾಗ ಸಿಗಲಿದೆ ಎಂದುಕೊಂಡು ಒಂದು ಕೈಯನ್ನು ಹ್ಯಾಂಡಲ್‌ನಿಂದ ತೆಗೆದು, ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಎಳೆದೆ. ಹರಿದ ತುಂಡು ತುಟಿಗೆ ಅಂಟಿತು, ಅರ್ಧ ಜೆಲ್ಲು ಗ್ಲೌಸಿನ ಮೇಲೆ ಸುರಿಯಿತು, ಅಷ್ಟರಲ್ಲಿ ಮಳೆ ಕೊರೆದ ಒಂದು ಕೊರಕಲು ಎದುರಾಯಿತು. ಬ್ರೇಕಿನ ಮೇಲಿದ್ದದ್ದು ಎಡಗೈಯ ಬೆರಳು ಮಾತ್ರ, ಅಂದರೆ ನನ್ನ ಸೈಕಲ್ಲಿನಲ್ಲಿ ಮುಂದಿನ ಬ್ರೇಕು. ಬೀಳಲಿಲ್ಲ, ಆದರೆ ಮುಂದಿನ ಗಾಲಿ ಜಾರಿದ ಆ ಅರ್ಧ ಕ್ಷಣ ಇವತ್ತಿಗೂ ನೆನಪಿದೆ. ರಸ್ತೆ ಸೈಕಲ್ಲಿನವರಿಗೂ ನಮಗೂ ಇರುವ ವ್ಯತ್ಯಾಸ ಇದೇ: ಅವರು ಬೇಕೆಂದಾಗ ತಿನ್ನಬಹುದು, ನಾವು ದಾರಿ ಬಿಟ್ಟುಕೊಟ್ಟಾಗ ಮಾತ್ರ ತಿನ್ನಬಹುದು. ಮನೆಗೆ ಬಂದು ಜೆರ್ಸಿ ಬಿಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಹಿಂಜೇಬಿನ ತುಂಬ ಇರುವೆ. ಖಾಲಿ ಪೊಟ್ಟಣಗಳನ್ನು ಜೇಬಿನಲ್ಲೇ ತರಬೇಕು ಎನ್ನುವುದಂತೂ ಚರ್ಚೆಗೆ ಎಡೆಯಿಲ್ಲದ ಮಾತು. ಶೋಲಾ ಕಾಡಿನ ಅಂಚಿನಲ್ಲಿ ಹೊಳೆಯುವ ಹರಕು ಪೊಟ್ಟಣಗಳನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಬಾಳೆಹಣ್ಣು, ಖರ್ಜೂರಗಳ ವಿಚಾರ ಬೇಗ ಮುಗಿಯುತ್ತದೆ. ನಮ್ಮ ಪುಟ್ಟಬಾಳೆ ಒಂದರಲ್ಲಿ ಹತ್ತು ಹನ್ನೆರಡು ಗ್ರಾಂ ಇದ್ದೀತು. ಗಂಟೆಗೆ ಐದು, ಆರು ಗಂಟೆಗೆ ಮೂವತ್ತು ಹಣ್ಣು. ಅಷ್ಟನ್ನು ಹೊರುವುದೂ ಆಗದು, ತಿನ್ನುವುದೂ ಆಗದು, ಜೇಬಿನಲ್ಲಿ ಎರಡು ತಾಸು ಕುಲುಕಿದ ಮೇಲೆ ಅವು ಹಣ್ಣಾಗಿ ಉಳಿಯುವುದೂ ಇಲ್ಲ. ಖರ್ಜೂರ ತೂಕಕ್ಕೆ ತಕ್ಕ ಶಕ್ತಿ ಕೊಡುತ್ತದೆ, ಬೀಜ ತೆಗೆದು ಒಯ್ದರೆ ಒಂದೇ ಕೈಯಲ್ಲಿ ತಿನ್ನಬಹುದು, ಆದರೆ ನಾರು ಹೆಚ್ಚಾದ್ದರಿಂದ ಏಳೆಂಟಕ್ಕಿಂತ ಹೆಚ್ಚು ತಿಂದ ದಿನ ಹೊಟ್ಟೆ ನುಲಿಯಿತು. ಎರಡೂ ಸವಾರಿಗೆ ಒಂದು ಗಂಟೆ ಮುಂಚೆ ತಿನ್ನಲು ಚೆನ್ನ.

ರಾಗಿ ಅಂಬಲಿಯ ಮೇಲೆ ನನಗೆ ದೊಡ್ಡ ಆಸೆಯಿತ್ತು. ಹೊಲದಲ್ಲಿ ದಿನವಿಡೀ ದುಡಿಯುವವರನ್ನು ಕಾಪಾಡಿದ ಅಂಬಲಿ ನನ್ನನ್ನೂ ಕಾಪಾಡೀತು ಎಂದು ಮಜ್ಜಿಗೆ, ಉಪ್ಪು ಬೆರೆಸಿ ತೆಳ್ಳಗೆ ಮಾಡಿ ಎರಡು ಬಾಟಲಿ ಒಯ್ದೆ. ರುಚಿಗೆ ಎಣೆಯಿರಲಿಲ್ಲ, ಆದರೆ ಏರಿನಲ್ಲಿ ಅದು ಹೊಟ್ಟೆಯಲ್ಲೇ ನಿಂತಿತು. ಕಾರಣ ಸರಳ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನ ಅಂಶವಿದೆ, ನಾರು ಜೀರ್ಣವನ್ನು ನಿಧಾನಿಸುತ್ತದೆ, ಮತ್ತು ಹೃದಯ ನಿಮಿಷಕ್ಕೆ 160 ಸಲ ಬಡಿಯುತ್ತಿರುವಾಗ ರಕ್ತವೆಲ್ಲ ಕಾಲಿನ ಕಡೆ ಹರಿಯುತ್ತಿದ್ದು ಹೊಟ್ಟೆಯ ಪಾಲಿಗೆ ಸ್ವಲ್ಪವೇ ಉಳಿದಿರುತ್ತದೆ. ತುಪ್ಪ, ಕೊಬ್ಬರಿ ಹಾಕಿದ ತಂಬಿಟ್ಟಿನದೂ ಇದೇ ಕಥೆ, ಅಲ್ಲಿ ಅಡ್ಡಿ ನಾರಿನದಕ್ಕಿಂತ ಕೊಬ್ಬಿನದು. ನಿಧಾನವಾಗಿ ಶಕ್ತಿ ಬಿಟ್ಟುಕೊಡುವ ಗುಣ ದುಡಿಮೆಯ ದಿನಕ್ಕೆ ವರ, ರೇಸಿನ ಏರಿಗೆ ಭಾರ. ಈಗ ಅಂಬಲಿಯನ್ನು ಸವಾರಿ ಮುಗಿಸಿ ಬಂದು ಜಗಲಿಯಲ್ಲಿ ಕುಳಿತು ಕುಡಿಯುತ್ತೇನೆ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹಲವು ಸಹಸವಾರರು ಓಆರ್‌ಎಸ್ ಪುಡಿಯನ್ನೇ ನೆಚ್ಚಿಕೊಂಡು ಹೊರಡುವುದನ್ನು ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಇರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದು ವಾಂತಿ ಭೇದಿಯಲ್ಲಿ ನೀರು, ಲವಣ ಕಳೆದುಕೊಂಡ ದೇಹಕ್ಕೆಂದು ರೂಪಿಸಿದ್ದು. ಅದನ್ನು ಕುಡಿದು ಶಕ್ತಿ ಬರುತ್ತದೆ ಎಂದುಕೊಂಡರೆ ಮೂರನೆಯ ಗಂಟೆಯಲ್ಲಿ ಬಾಂಕ್ ಆಗುವುದು ಖಚಿತ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಧಾರಾಳವಾಗಿದೆ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆಯಿದೆ.

ಈಗ ಪಾನಕಕ್ಕೆ ಬರುತ್ತೇನೆ. ಒಂದು ಲೀಟರ್ ನೀರಿಗೆ 80 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣಿನ ರಸ, ಕಾಲು ಟೀ ಚಮಚ ಉಪ್ಪು. ಬೆಲ್ಲದ ತೂಕದಲ್ಲಿ ಸುಮಾರು ಶೇ. 85 ಭಾಗ ಸಕ್ಕರೆಯ ಅಂಶ ಎಂದು ಹಿಡಿದರೆ ಲೀಟರಿಗೆ 68 ಗ್ರಾಂ, ಅಂದರೆ ಶೇ. 7ರ ಹತ್ತಿರ, ಕ್ರೀಡಾ ಪಾನೀಯಗಳ ಸಾಂದ್ರತೆಯೂ ಶೇ. 6ರಿಂದ 8. ಇದಕ್ಕಿಂತ ಗಟ್ಟಿಯಾದರೆ ಹೊಟ್ಟೆಯಿಂದ ಕೆಳಗಿಳಿಯುವುದು ತಡವಾಗುತ್ತದೆ. ಕಾಲು ಚಮಚ ಉಪ್ಪಿನಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಒಂದು ಲೀಟರ್ ಬೆವರಿನ ನಷ್ಟಕ್ಕೆ ಅದು ಬಹುಪಾಲು ಸರಿಹೋಗುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ ಬೆಲ್ಲದ ಸುಕ್ರೋಸ್ ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ದುಬಾರಿ ಜೆಲ್ಲುಗಳು ಬೆರೆಸಿ ಕೊಡುವ ಎರಡು ಸಕ್ಕರೆಗಳು ಇಲ್ಲಿ ತಾವಾಗಿಯೇ ಇವೆ. ಅಡುಗೆಮನೆಯ ತಕ್ಕಡಿಯಲ್ಲಿ ಬೆಲ್ಲ ತೂಗುತ್ತಿದ್ದುದನ್ನು ಕಂಡು ಅಮ್ಮ, "ರಾಮನವಮಿಗೆ ಇನ್ನೂ ಮೂರು ತಿಂಗಳಿದೆಯಲ್ಲೋ, ಯಾರಿಗೋ ಇಷ್ಟೊಂದು ಪಾನಕ?" ಎಂದು ಕೇಳಿದ್ದರು.

ಪಾನಕವನ್ನು ಬೆನ್ನಿನ ನೀರಿನ ಚೀಲದಲ್ಲಿ ತುಂಬಿಕೊಂಡೆ. ಫ್ರೇಮಿಗೆ ಸಿಕ್ಕಿಸುವ ಬಾಟಲಿಯನ್ನು ತೋಟದ ದಾರಿಯಲ್ಲಿ ಬಳಸುವುದು ನನಗೆ ಸಮ್ಮತವಿಲ್ಲ: ಮುಂದಿನ ಗಾಲಿ ಚಿಮ್ಮಿಸುವ ಕೆಸರು, ಸೆಗಣಿ ಎಲ್ಲ ಬಾಟಲಿಯ ಬಾಯಿಗೇ ಬಂದು ಕೂರುತ್ತದೆ. ಚೀಲದ ನಳಿಕೆ ಎದೆಯ ಬಳಿಯಿರುತ್ತದೆ, ಎರಡೂ ಕೈ ಹ್ಯಾಂಡಲ್ ಮೇಲೆಯೇ ಇರುತ್ತವೆ, ಕೊರಕಲಿನ ಇಳಿಜಾರಿನಲ್ಲೂ ಒಂದು ಗುಟುಕು ಎಳೆಯಬಹುದು. ಆರು ಗಂಟೆಯೂ ಕಾಲು ಸೋಲಲಿಲ್ಲ, ಖರ್ಚು ಐವತ್ತು ರೂಪಾಯಿಯೊಳಗೆ ಮುಗಿಯಿತು. ಆದರೆ ಅದಕ್ಕೂ ಎರಡು ದೋಷಗಳಿವೆ. ಒಮ್ಮೆ ಚೀಲವನ್ನು ತೊಳೆಯದೆ ಮೂರು ದಿನ ಬಿಟ್ಟಿದ್ದಾಗ, ನಳಿಕೆಯೊಳಗೆ ಕಪ್ಪು ಬೂಷ್ಟು ಹಿಡಿದು, ತೆರೆದರೆ ಹುಳಿಹೆಂಡದಂಥ ವಾಸನೆ ಬಂತು, ನಳಿಕೆಯನ್ನೇ ಬದಲಿಸಬೇಕಾಯಿತು. ಎರಡನೆಯ ದೋಷ ಹೆಚ್ಚು ಗಂಭೀರವಾದದ್ದು, ಮತ್ತು ಅದನ್ನು ಚಿಕ್ಕಮಗಳೂರಿನಲ್ಲಿ ಕಂಡುಕೊಳ್ಳಲು ಸಾಧ್ಯವೇ ಇರಲಿಲ್ಲ.

ಮರುವರ್ಷ ಅದೇ ಹಿಮಾಚಲದ ರೇಸಿಗೆ ಪಾನಕವನ್ನೇ ನಂಬಿ ಹೋದೆ. ಮೊದಲ ದಿನ ಕಣಿವೆಯ ಬಿಸಿಲಿನಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಎರಡನೆಯ ದಿನ ದಾರಿ ಮೇಲೇರಿದಂತೆ ಚಳಿಗಾಳಿ ಬೀಸತೊಡಗಿತು, ಬಾಯಾರಿಕೆಯೇ ಆಗಲಿಲ್ಲ. ಮೂರು ಗಂಟೆಯ ನಂತರ ಚೀಲ ನೋಡಿಕೊಂಡರೆ ಮುಟ್ಟಿದ್ದು ಅರ್ಧ ಲೀಟರ್ ಮಾತ್ರ, ಅಂದರೆ ಮೂರು ಗಂಟೆಗೆ 34 ಗ್ರಾಂ. ಬೆಲ್ಲವನ್ನು ನೀರಿಗೆ ಕಟ್ಟಿಹಾಕಿದಾಗ ಊಟವನ್ನು ಬಾಯಾರಿಕೆಗೆ ಕಟ್ಟಿಹಾಕಿದಂತಾಗಿತ್ತು. ಎತ್ತರದ ಜಾಗದಲ್ಲಿ ಹಸಿವೆಯೂ ಕುಂದುವುದರಿಂದ ದೇಹ ಎಚ್ಚರಿಕೆಯನ್ನೂ ಕೊಡಲಿಲ್ಲ. ಜೇಬಿನಲ್ಲಿ ಆಪತ್ತಿಗೆಂದು ಇಟ್ಟುಕೊಂಡಿದ್ದ ಎರಡು ಜೆಲ್ಲುಗಳು ಅಂದು ನನ್ನನ್ನು ದಡ ಸೇರಿಸಿದವು. ಚಳಿಗೆ ಅವೂ ಗಟ್ಟಿಯಾಗಿ, ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಹಿಂಡಬೇಕಾಯಿತು.

ಆದ್ದರಿಂದ ಗಟ್ಟಿ ಆಹಾರವೂ ಜೊತೆಗಿರಲೇಬೇಕು ಎಂದು ತೀರ್ಮಾನಿಸಿ ಕಡುಬನ್ನು ಪ್ರಯತ್ನಿಸಿದೆ. ಯುರೋಪಿನ ವೃತ್ತಿಪರ ತಂಡಗಳು ಅನ್ನವನ್ನು ಒತ್ತಿ ಕತ್ತರಿಸಿದ ಬಿಲ್ಲೆಗಳನ್ನು ಸವಾರರಿಗೆ ಕೊಡುತ್ತವೆ ಎಂದು ತಿಳಿದಾಗಲೇ, ಮಲೆನಾಡಿನಲ್ಲಿ ಹುಟ್ಟಿದವನಿಗೆ ಕಡುಬು ನೆನಪಾಗಬೇಕಿತ್ತು. ಅಕ್ಕಿ ತರಿಯನ್ನು ಉಪ್ಪು ಹಾಕಿ ಬೇಯಿಸಿ, ನಿಂಬೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ ಹಬೆಯಲ್ಲಿಟ್ಟ ಕಡುಬಿನಲ್ಲಿ ನಾರೂ ಕಡಿಮೆ, ಕೊಬ್ಬೂ ಇಲ್ಲ, ನೀರಿನ ಅಂಶ ಮಾತ್ರ ಧಾರಾಳ. ಒಂದು ಕಡುಬಿಗೆ 25 ಗ್ರಾಂ ತರಿ ಬೀಳುವಂತೆ ಅಳತೆ ಮಾಡಿದರೆ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್. ಬಾಳೆಎಲೆಯ ತುಂಡಿನಲ್ಲಿ ಸುತ್ತಿ ಜೇಬಿಗಿಟ್ಟರೆ ಎರಡು ಕಚ್ಚಿಗೆ ಒಂದು ಮುಗಿಯುತ್ತದೆ. ಸಿಹಿಯಿಂದ ಬೇಸತ್ತ ನಾಲಿಗೆಗೆ ಆ ಉಪ್ಪು ರುಚಿ ಎಷ್ಟು ಹಿತ ಎಂಬುದನ್ನು ಅನುಭವಿಸಿದವರೇ ಬಲ್ಲರು. ಆದರೆ ಅಗಿಯಲು ಉಸಿರು ಬೇಕು. ಕಡಿದಾದ ಏರಿನಲ್ಲಿ ಬಾಯಿ ತೆರೆದು ಏದುತ್ತಿರುವಾಗ ಅನ್ನದ ಅಗುಳು ಶ್ವಾಸನಾಳಕ್ಕೆ ಹೊಕ್ಕು ಕೆಮ್ಮಿ ಇಳಿಯಬೇಕಾಗಿ ಬಂದದ್ದುಂಟು. ಅತ್ತಿಗುಂಡಿಯ ಆಸುಪಾಸಿನಂಥ ಸೌಮ್ಯ ಏರಿಳಿತದ ಜಾಗವೇ ಅದಕ್ಕೆ ಸೂಕ್ತ.

ಈಗ ನನ್ನ ಪದ್ಧತಿ ಹೀಗಿದೆ. ಮೊದಲ ನಾಲ್ಕು ಗಂಟೆ, ಗಂಟೆಗೆ ಅರ್ಧ ಲೀಟರ್ ಪಾನಕ ಮತ್ತು ಒಂದೂವರೆ ಕಡುಬು. ಎರಡೂ ಸೇರಿ 64 ಗ್ರಾಂ, ಅದರಲ್ಲಿ ಫ್ರಕ್ಟೋಸ್ 17 ಗ್ರಾಂ. ಬೆನ್ನಿನ ಚೀಲದಲ್ಲಿ ಎರಡು ಲೀಟರ್ ಹಿಡಿಯುವುದರಿಂದ ಈ ಲೆಕ್ಕ ನಾಲ್ಕು ಗಂಟೆಗೆ ಸರಿಯಾಗಿ ಹೊಂದುತ್ತದೆ. ಹಲ್ಲಿಗೆ ಕೆಲಸ ಕೊಡಲಾಗದ ಕೊನೆಯ ಎರಡು ಗಂಟೆಗೆ ಐದು ಜೆಲ್ಲು, ಪ್ರತಿಯೊಂದರ ಮೂಲೆಯನ್ನೂ ಮನೆಯಲ್ಲೇ ಕತ್ತರಿಯಿಂದ ಅರ್ಧ ಕತ್ತರಿಸಿ ಟೇಪು ಹಚ್ಚಿದ್ದು, ಜೊತೆಗೆ ದಾರಿಯಲ್ಲಿ ತುಂಬಿಸಿಕೊಂಡ ಬರೀ ನೀರು. ತಿನ್ನುವ ಜಾಗಗಳನ್ನು ದಾರಿಯ ನಕ್ಷೆ ನೋಡಿ ಮೊದಲೇ ಗುರುತು ಹಾಕಿ, ಹ್ಯಾಂಡಲ್‌ಗೆ ಚೀಟಿ ಅಂಟಿಸುತ್ತೇನೆ, ಹಸಿವೆಗೆ ಕಾಯುವುದಿಲ್ಲ.

ಉಳಿದಿರುವ ತೊಡಕು ಒಂದೇ. ನಾಲ್ಕು ದಿನದ ರೇಸಿನಲ್ಲಿ ಕಡುಬು ಎರಡನೆಯ ದಿನಕ್ಕೆ ಬಿರುಸಾಗುತ್ತದೆ, ಮೂರನೆಯ ದಿನಕ್ಕೆ ಹಳಸುತ್ತದೆ. ಹಿಮಾಚಲದಲ್ಲಿ ದಾರಿಬದಿಯ ಉಪಚಾರ ಕೇಂದ್ರಗಳಲ್ಲಿ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಇಟ್ಟಿದ್ದರು, ಅದು ಚೆನ್ನಾಗಿಯೇ ಹೊಂದಿತು, ಆದರೆ ಯಾವ ಕೇಂದ್ರದಲ್ಲಿ ಎಷ್ಟು ಉಳಿದಿರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಈ ಸಲ ಅಕ್ಕಿ ತರಿಯನ್ನು ಬೆಚ್ಚಗೆ ಹುರಿದು, ದಿನಕ್ಕೊಂದರಂತೆ ನಾಲ್ಕು ಪೊಟ್ಟಣ ಕಟ್ಟಿದ್ದೇನೆ. ಉಳಿದುಕೊಳ್ಳುವ ಅತಿಥಿಗೃಹದವರಿಗೆ ಫೋನ್ ಮಾಡಿ ಬೆಳಗಿನ ನಾಲ್ಕು ಗಂಟೆಗೆ ಒಂದು ಒಲೆ ಬಿಟ್ಟುಕೊಡುವಿರಾ ಎಂದು ಕೇಳಿದೆ, ಒಪ್ಪಿದರು. ಇಡ್ಲಿ ಪಾತ್ರೆ ಮಾತ್ರ ನಾವೇ ತರಬೇಕಂತೆ.