ಮೇಲ್ ಹೋಗುತ್ತೆ, ಆದ್ರೆ ಸೇರಲ್ಲ: 2 ಸ್ಟಾರ್

ನಾಪೋಕ್ಲು ಹತ್ರ ನಮ್ದೊಂದು ಸಣ್ಣ ಹೋಂಸ್ಟೇ, ಮೂರೇ ರೂಮು, ಜೊತೆಗೆ ತೋಟದ ಕಾಫಿಪುಡಿ, ಕರಿಮೆಣಸು ಆನ್‌ಲೈನಲ್ಲಿ ಮಾರ್ತೀವಿ. ಸ್ವಂತ ಡೊಮೇನ್ ಮೇಲ್ ಐಡಿ ಇದ್ರೆ ಜನ ನಂಬ್ತಾರೆ ಅಂದ್ರು ಅಂತ ಒಂದು ಹೋಸ್ಟಿಂಗ್ ಕಂಪನಿಯಿಂದ ವೆಬ್‌ಸೈಟು ಮೇಲು ಎರಡೂ ತಗೊಂಡೆ. ಹೆಸರು ಬೇಡ ಬಿಡಿ, ಈ ರೋಗ ಅವರೊಬ್ರಿಗೇ ಇರೋದಲ್ಲ.

ಒಳ್ಳೇದು ಮೊದ್ಲು ಹೇಳ್ಬಿಡ್ತೀನಿ. ರೇಟು ಕಮ್ಮಿ, ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ರೂ ವೆಬ್‌ಮೇಲ್ ಓಪನ್ ಆಗುತ್ತೆ.

ಅಕ್ಟೋಬರಲ್ಲಿ ತೀರ್ಥೋದ್ಭವದ ಟೈಮಿಗೆ ತಲಕಾವೇರಿಗೆ ಅಂತ ಬೆಂಗಳೂರಿನ ಒಂದು ಫ್ಯಾಮಿಲಿ ಎರಡು ರೂಮ್ ಕೇಳಿದ್ರು, ನಾನು ಕನ್ಫರ್ಮೇಶನ್ ಕಳಿಸಿ ಬೇರೆಯವ್ರಿಗೆಲ್ಲ ಇಲ್ಲ ಅಂದು ಕೂತ್ರೆ ಅವ್ರು ಬರ್ಲೇ ಇಲ್ಲ. ಫೋನ್ ಮಾಡಿದ್ರೆ ನೀವು ರಿಪ್ಲೈನೇ ಮಾಡ್ಲಿಲ್ವಲ್ಲ, ಮಡಿಕೇರೀಲಿ ರೂಮ್ ಮಾಡ್ಕೊಂಡ್ವಿ ಅಂದ್ರು. ಆಮೇಲೆ ನೋಡಿದ್ರೆ ನನ್ನ ಮೇಲ್ ಸ್ಪ್ಯಾಮಲ್ಲಿ ಬಿದ್ದಿತ್ತು, ಲಾಟರಿ ಗೆದ್ದಿದ್ದೀರಿ ಅನ್ನೋ ಮೇಲ್ ಪಕ್ಕದಲ್ಲೇ.

ಸಪೋರ್ಟ್‌ಗೆ ಹೇಳಿದ್ರೆ 'ನಮ್ಮ ಕಡೆಯಿಂದ ಡೆಲಿವರ್ ಆಗಿದೆ ಸಾರ್, ಗೆಸ್ಟ್‌ಗೆ ನಿಮ್ಮ ಐಡೀನ ಕಾಂಟ್ಯಾಕ್ಟಲ್ಲಿ ಸೇವ್ ಮಾಡ್ಕೊಳ್ಳೋಕೆ ಹೇಳಿ.' ಅಲ್ಲ ಸ್ವಾಮಿ, ಗುರುತು ಪರಿಚಯ ಇಲ್ದಿರೋರು ನನ್ನ ಐಡಿ ಯಾಕೆ ಸೇವ್ ಮಾಡ್ತಾರೆ?

ಕೊನೆಗೆ ಕುಶಾಲನಗರದಿಂದ ಬಂದ ನಮ್ಮಣ್ಣನ ಮಗ ಜೀಮೇಲಲ್ಲಿ 'ಶೋ ಒರಿಜಿನಲ್' (ಮೇಲ್ ಹಿಂದಿನ ತಾಂತ್ರಿಕ ವಿವರ ತೋರ್ಸೋ ಆಯ್ಕೆ) ಒತ್ತಿ ತೋರಿಸ್ದ. ಎಸ್‌ಪಿಎಫ್ ಎದುರು ಪರ್ಮ್‌ಎರರ್, ಅಂದ್ರೆ ರೆಕಾರ್ಡೇ ತಪ್ಪಿದೆ ಅಂತ, ಡಿಕೆಐಎಂ ಸಾಲೇ ಇಲ್ಲ. ಎಸ್‌ಪಿಎಫ್ ಅಂದ್ರೆ ನಮ್ಮ ಡೊಮೇನ್ ಹೆಸರಲ್ಲಿ ಯಾವ್ಯಾವ ಸರ್ವರ್ ಮೇಲ್ ಕಳಿಸ್ಬೋದು ಅನ್ನೋ ಪಟ್ಟಿ, ಒಂದು ಡೊಮೇನಿಗೆ ಒಂದೇ ರೆಕಾರ್ಡ್ ಇರ್ಬೇಕು. ಹೋಸ್ಟಿಂಗ್‌ನವ್ರು ಬುಕಿಂಗ್ ಸಾಫ್ಟ್‌ವೇರ್ ಸೇರಿಸೋವಾಗ ಹಳೇದಕ್ಕೆ ಜೋಡಿಸೋದು ಬಿಟ್ಟು ಪಕ್ಕದಲ್ಲಿ ಎರಡನೇದು ಹಾಕಿದ್ರು, ಎರಡಿದ್ರೆ ಎರಡೂ ಲೆಕ್ಕಕ್ಕಿಲ್ಲ. ಡಿಕೆಐಎಂ ಅಂದ್ರೆ ಮೇಲ್ ಮೇಲೆ ಸರ್ವರ್ ಒತ್ತೋ ಮೊಹರು ಇದ್ದಂಗೆ, ಅದನ್ನ ಆನೇ ಮಾಡಿರ್ಲಿಲ್ಲ.

2024ರ ಫೆಬ್ರವರಿಯಿಂದ ಗೂಗಲ್ ಎಲ್ಲ ಕಳಿಸೋರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದಾದ್ರೂ ಬೇಕು ಅಂದಿದೆ, ದಿನಕ್ಕೆ 5000 ದಾಟಿದ್ರೆ ಎರಡೂ ಬೇಕು, ಮೇಲೆ ಡಿಮಾರ್ಕ್ ಕೂಡ (ಈ ಪರೀಕ್ಷೇಲಿ ಫೇಲಾದ ಮೇಲ್‌ನ ಏನು ಮಾಡ್ಬೇಕು ಅಂತ ಡೊಮೇನಿನವ್ರು ಹಾಕೋ ಸೂಚನೆ). ನಾನು ಕಳಿಸೋದು ದಿನಕ್ಕೆ ಹತ್ತು, ಅದಕ್ಕೆ ಇಷ್ಟು ಗೋಳು.

ಕಂಪನಿ ಅಡ್ಮಿನ್‌ಗೇ ನೇರ ಬರೆಯೋಣ ಅಂತ ಅವ್ರ ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಬರೆದೆ. ಮೇಲ್ ತಗೊಳ್ಳೋ ಸರ್ವರ್ ಯಾವ್ದೇ ಇರ್ಲಿ, ಆ ಹೆಸರಿನ ವಿಳಾಸ ಇರ್ಲೇಬೇಕು ಅಂತ ಮೇಲ್ ಕಳಿಸೋ ವಿಧಾನದ ನಿಯಮಪತ್ರ ಆರ್‌ಎಫ್‌ಸಿ 5321ರಲ್ಲೇ ಇದೆಯಂತೆ. ಬೌನ್ಸ್ ಆಯ್ತು, ಹಂಗೊಬ್ರು ಇಲ್ವೇ ಇಲ್ಲ ಅಂತ! ನಗ್ಬೇಕೋ ಅಳ್ಬೇಕೋ.

ಆಮೇಲೆ ಸಪೋರ್ಟ್‌ಗೆ ನಾಲ್ಕು ದೂರಿನ ಟಿಕೆಟ್, ಎಲ್ಲದಕ್ಕೂ ಶೋ ಒರಿಜಿನಲ್‌ನ ಅದೇ ಸ್ಕ್ರೀನ್‌ಶಾಟ್ ಹಾಕಿ, ಎಲ್ಲಿ ಏನು ಸೇರಿಸ್ಬೇಕು ಅಂತ ನಾವೇ ಬರೆದು ಕೊಟ್ವಿ. ಹತ್ತೊಂಬತ್ತನೇ ದಿನ ಯಾರೋ ಪುಣ್ಯಾತ್ಮ ಕೂತು ಎರಡು ಎಸ್‌ಪಿಎಫ್ ಒಂದು ಮಾಡಿ, ಡಿಕೆಐಎಂ ಆನ್ ಮಾಡ್ದ, ಹತ್ತು ನಿಮಿಷದ ಕೆಲ್ಸ. ಅವತ್ತು ಸಂಜೆನೇ ಗೋಣಿಕೊಪ್ಪದ ಫ್ರೆಂಡ್‌ಗೆ ಟೆಸ್ಟ್ ಮೇಲ್ ಹಾಕಿದ್ರೆ ನೇರ ಇನ್‌ಬಾಕ್ಸಿಗೆ ಹೋಯ್ತು.

ಒಂದು ಸ್ಟಾರ್ ರೇಟಿಗೆ, ಒಂದು ಆ ಪುಣ್ಯಾತ್ಮನಿಗೆ. ಪುತ್ತರಿ ಹೊತ್ತಿಗೆ ರಿನ್ಯೂವಲ್ ಇದೆ, ಮಾಡ್ಸೋದೋ ಬೇಡ್ವೋ ನೋಡ್ತಿದ್ದೀನಿ. ಪೋಸ್ಟ್‌ಮಾಸ್ಟರ್‌ಗೆ ನಿನ್ನೆ ಮತ್ತೆ ಬರೆದೆ, ಮತ್ತೆ ಬೌನ್ಸ್.