ಕ್ಯಾಲಿಫೋರ್ನಿಯಾದ ವೋಟರ್ ಗೈಡ್ ಓದಿದೆ, ಇಂಥದ್ದೊಂದು ಪುಸ್ತಕ ನಮ್ಮ ಮಂಜೇಶ್ವರಕ್ಕೂ ಬೇಕು

ಅಕ್ಕನ ಮಗಳು ಸ್ಯಾನ್ ಹೋಸೆಯಲ್ಲಿ ಇರೂದು, ಅಲ್ಲಿಯ ಸಿಟಿಜನ್ ಆದ ಮೇಲೆ ಅವಳ ಮನೆಗೆ ಪೋಸ್ಟಲ್ಲಿ ಬಂದ ಒಂದು ಪುಸ್ತಕವನ್ನು ಊರಿಗೆ ಬರುವಾಗ ನನಗೇ ಅಂತ ತಂದು ಕೊಟ್ಳು. 2018ರ ಜೂನ್ ಪ್ರೈಮರಿಯ, ಅಂದ್ರೆ ಮೊದಲ ಸುತ್ತಿನ ಚುನಾವಣೆಯ, ವೋಟರ್ ಇನ್ಫರ್ಮೇಶನ್ ಗೈಡ್. ಸರ್ಕಾರವೇ ಅಚ್ಚು ಹಾಕಿಸಿ ಮನೆ ಮನೆಗೆ ಕಳಿಸೂದು, ಒಂದು ಪೈಸೆ ಕೊಡ್ಲಿಕ್ಕಿಲ್ಲ. ಮೊಬೈಲ್, ಮಿಕ್ಸಿ, ಹೋಟೆಲ್ ಎಲ್ಲದಕ್ಕೂ ರಿವ್ಯೂ ಬರೀತಾರೆ, ಇದಕ್ಕೂ ಯಾರಾದ್ರೂ ಬರೀಬೇಕು ಅಂತ ಕಂಡಿತು, ಯಾಕಂದ್ರೆ ಇದು ಕೂಡ ಒಂದು ಸರ್ವೀಸೇ, ಅದೂ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಕುಂಬಳೆ ಕಡೆಯ ನಮಗೆ ತುಂಬ ಬೇಕಾದ ಸರ್ವೀಸು.

ಮೊದ್ಲು ವಿಷಯ ಎಂತ ಅಂತ ಹೇಳ್ತೇನೆ. ಅಲ್ಲಿಯ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಹಾಗೆ ರಾಷ್ಟ್ರಪತಿ ನೇಮಕ ಮಾಡೂದಲ್ಲ, ಜನರೇ ನೇರ ವೋಟು ಹಾಕಿ ಆರಿಸೂದು, ಕೆಲಸ ನಮ್ಮ ಮುಖ್ಯಮಂತ್ರಿಯ ಹಾಗೆ. 2018ರ ಪ್ರೈಮರಿಯಲ್ಲಿ ಆ ಒಂದು ಖುರ್ಚಿಗೆ 27 ಜನ ನಿಂತಿದ್ರು! ಯಾವ ಪಾರ್ಟಿಯವರಾದ್ರೂ ಎಲ್ಲ ಒಂದೇ ಪಟ್ಟಿಯಲ್ಲಿ, ಅದರಲ್ಲಿ ಹೆಚ್ಚು ವೋಟು ಬಂದ ಇಬ್ಬರು ಮಾತ್ರ ನವೆಂಬರಿನ ಚುನಾವಣೆಗೆ ಹೋಗೂದು. 2010ರಲ್ಲಿ ಪ್ರಾಪೊಸಿಶನ್ 14 ಅಂತ ಒಂದು ಜನಮತದಲ್ಲಿ ಜನರೇ ಒಪ್ಪಿ ತಂದ ಪದ್ಧತಿ ಇದು, ಇಬ್ಬರೂ ಒಂದೇ ಪಾರ್ಟಿಯವರಾದ್ರೂ ಅಡ್ಡಿಯಿಲ್ಲ. ಆ ಸಲ ಗ್ಯಾವಿನ್ ನ್ಯೂಸಮ್‌ಗೆ ಸುಮಾರು ಶೇಕಡಾ 34, ಜಾನ್ ಕಾಕ್ಸ್‌ಗೆ 25, ಇವರಿಬ್ಬರು ಮುಂದೆ ಹೋದ್ರು, ನವೆಂಬರಲ್ಲಿ ನ್ಯೂಸಮ್ 62ರ ಹತ್ತಿರ ತಗೊಂಡು ಗೆದ್ರು. ನನಗೆ ಈ ಎರಡು ಸುತ್ತಿನ ಲೆಕ್ಕ ಇಷ್ಟ ಆಯ್ತು, ಯಾಕಂದ್ರೆ ಎಷ್ಟೇ ಜನ ನಿಂತ್ರೂ ಕೊನೆಗೆ ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಇರ್ತದೆ. ಅದೇ ಅಮೆರಿಕದ ಮಿನ್ನೆಸೋಟದಲ್ಲಿ 1998ರಲ್ಲಿ ಕುಸ್ತಿಪಟು ಆಗಿದ್ದ ಜೆಸ್ಸಿ ವೆಂಚುರಾ ಬರೀ 37 ಶೇಕಡಾ ತಗೊಂಡು ಗವರ್ನರ್ ಆದ್ರು, ಅಲ್ಲಿ ನಮ್ಮ ಹಾಗೆ ಮುಂದೆ ಇದ್ದವ ಗೆದ್ದ.

ಈಗ ಪುಸ್ತಕಕ್ಕೆ ಬರ್ತೇನೆ. 27 ಹೆಸರು ನೋಡಿದ್ರೆ ಯಾರಿಗಾದ್ರೂ ತಲೆ ತಿರುಗ್ತದೆ, ಅದಕ್ಕೇ ಇದರಲ್ಲಿ ಅಭ್ಯರ್ಥಿಗಳ ಹೇಳಿಕೆ ಅಂತ ಒಂದು ಭಾಗ ಉಂಟು. ಒಬ್ಬೊಬ್ಬರಿಗೆ 250 ಶಬ್ದ, ಅಷ್ಟರೊಳಗೆ ನಾನು ಯಾರು, ಎಂತ ಮಾಡಿದ್ದೇನೆ, ಗೆದ್ರೆ ಎಂತ ಮಾಡ್ತೇನೆ ಅಂತ ಹೇಳ್ಬೇಕು, ಎದುರಾಳಿಯ ಸುದ್ದಿ ಎತ್ತುವ ಹಾಗೆಯೇ ಇಲ್ಲ. ಈ ಒಂದು ನಿಯಮ ನಮ್ಮಲ್ಲಿ ಬಂದ್ರೆ ಭಾಷಣದ ಅರ್ಧ ಸಮಯ ಉಳಿದೀತು. ಒಬ್ಬರದ್ದು ಓದಿ ಇನ್ನೊಬ್ಬರದ್ದಕ್ಕೆ ಹೋಗುವಾಗ ಯಾರು ಕೆಲಸ ಹೇಳ್ತಾ ಇದ್ದಾರೆ, ಯಾರು ಬರೀ ಘೋಷಣೆ ಹೇಳ್ತಾ ಇದ್ದಾರೆ ಅಂತ ನಮಗೇ ಗೊತ್ತಾಗ್ತದೆ, ಜವಳಿ ಅಂಗಡಿಯಲ್ಲಿ ಒಂದರ ಪಕ್ಕ ಒಂದು ಸೀರೆ ಬಿಡಿಸಿ ಹಾಕಿದ ಹಾಗೆ.

ಆದ್ರೆ ಇಲ್ಲಿಯೇ ದೊಡ್ಡ ಕೊರತೆ ಕೂಡ ಉಂಟು. ಆ ಜಾಗ ಫ್ರೀ ಅಲ್ಲ, ಶಬ್ದಕ್ಕೆ 25 ಡಾಲರ್, ಅಂದ್ರೆ 250 ಶಬ್ದಕ್ಕೆ 6,250 ಡಾಲರ್ ಕಟ್ಬೇಕು. ಅದೂ ಚುನಾವಣಾ ಖರ್ಚಿಗೆ ಮಿತಿ ಒಪ್ಪಿಕೊಂಡವರಿಗೆ ಮಾತ್ರ ಕೊಡೂದು. ಮಿತಿ ಒಪ್ಪದ ದುಡ್ಡಿನವರಿಗೂ ಇಲ್ಲ, ಅಷ್ಟು ಡಾಲರ್ ಕಟ್ಲಿಕ್ಕೆ ಆಗದ ಬಡವರಿಗೂ ಇಲ್ಲ, ಹಾಗಾಗಿ 27ರಲ್ಲಿ ಎಲ್ಲರ ಮಾತೂ ಪುಸ್ತಕದಲ್ಲಿ ಸಿಗೂದಿಲ್ಲ. ಖರ್ಚಿನ ಮಿತಿಗೆ ಪ್ರೋತ್ಸಾಹ ಕೊಡುವ ಉದ್ದೇಶ ಒಳ್ಳೆದೇ, ಆದ್ರೆ ಓದುವ ವೋಟರಿಗೆ ನಷ್ಟ ಅಲ್ವಾ. ಸಣ್ಣ ಪಾರ್ಟಿಯವರಿಗೂ ಪಕ್ಷೇತರರಿಗೂ ಒಂದು ಐವತ್ತು ಶಬ್ದ ಆದ್ರೂ ಪುಕ್ಕಟೆ ಕೊಡ್ಬೇಕಿತ್ತು. ನಾನು ಒಂದು ಸ್ಟಾರ್ ಕಡಿಮೆ ಮಾಡೂದು ಇದಕ್ಕೇ.

ಪುಸ್ತಕದ ಒಳ್ಳೆ ಭಾಗ ಯಾವ್ದು ಕೇಳಿದ್ರೆ ಪ್ರಾಪೊಸಿಶನ್‌ಗಳದ್ದು. ಗವರ್ನರ್ ಆರಿಸುವ ಅದೇ ದಿನ ಜನ ಕೆಲವು ಕಾನೂನುಗಳಿಗೂ ಹೌದು, ಅಲ್ಲ ಅಂತ ವೋಟು ಹಾಕ್ಬೇಕು, ಆ ಸಲ 68ರಿಂದ 72ರ ವರೆಗೆ ಐದು ಇತ್ತು. 72ನೇದ್ದು ಓದುವಾಗ ನಾನು ಕೂತಲ್ಲಿಂದ ಎದ್ದು ಅಪ್ಪನಿಗೆ ಓದಿ ಹೇಳಿದೆ, ಯಾಕಂದ್ರೆ ಅದು ಮಳೆನೀರಿನ ವಿಷಯ. ಮನೆಯಲ್ಲಿ ಮಳೆನೀರು ಹಿಡಿಯುವ ವ್ಯವಸ್ಥೆ ಹೊಸತಾಗಿ ಮಾಡಿಸಿದ್ರೆ ಆಸ್ತಿಯ ಬೆಲೆ ಏರಿತು ಅಂತ ಲೆಕ್ಕ ಹಾಕಿ ತೆರಿಗೆ ಜಾಸ್ತಿ ಮಾಡ್ಬಾರದು, ಅಷ್ಟೇ ಅದರ ಸಾರ. ಅಪ್ಪ ಜಗಲಿಯಲ್ಲಿ ಅಡಿಕೆ ಸುಲಿತಾ ಇದ್ದವರು "ನೀರು ಹಿಡಿದದ್ದಕ್ಕೂ ತೆರಿಗೆಯಾ, ಹಾಗಾದ್ರೆ ನಮ್ಮ ಸುರಂಗಕ್ಕೆ ಎಷ್ಟು ಹಾಕಿಯಾರು" ಅಂತ ಕೇಳಿದ್ರು. ಗುಡ್ಡೆ ಕೊರೆದು ನೀರು ತರುವ ಸುರಂಗ ಇರುವ ಊರಿನವರಿಗೆ ಇದು ಎಷ್ಟು ಹತ್ತಿರದ ವಿಷಯ ನೋಡಿ. ಆಮೇಲೆ ಪೂರ್ತಿ ಓದಿಸಿಕೊಂಡ್ರು, "ಅಲ್ಲ" ಅಂದ್ರೆ ಎಂತ ಆಗ್ತದೆ ಅದನ್ನೂ ಓದು ಅಂತ. ಅದೂ ಇತ್ತು. ಅಲ್ಲಿಯ ಜನ ಅದನ್ನು ದೊಡ್ಡ ಬಹುಮತದಲ್ಲಿ ಒಪ್ಪಿದ್ರು.

ಬರೆದ ಕ್ರಮ ಹೇಗೆ ಅಂದ್ರೆ, ಮೊದ್ಲು ಅಟಾರ್ನಿ ಜನರಲ್ ಕೊಟ್ಟ ಹೆಸರು ಮತ್ತು ಸಾರಾಂಶ, ಆಮೇಲೆ ಲೆಜಿಸ್ಲೇಟಿವ್ ಅನಲಿಸ್ಟ್ ಅಂತ ಒಬ್ಬರು ಇದ್ದಾರೆ, ಪಾರ್ಟಿಗಳಿಗೆ ಸೇರದವರು, ಅವರು ಇದರಿಂದ ಸರ್ಕಾರಕ್ಕೆ ಎಷ್ಟು ಖರ್ಚು, ಈಗ ಹೇಗುಂಟು, ಪಾಸಾದ್ರೆ ಎಂತ ಬದಲಾಗ್ತದೆ ಅಂತ ಬಿಡಿಸಿ ಹೇಳ್ತಾರೆ. ನಂತರ ಪರವಾದ ವಾದ, ಅದಕ್ಕೆ ವಿರೋಧಿಗಳ ಉತ್ತರ, ವಿರೋಧದ ವಾದ, ಅದಕ್ಕೆ ಪರದವರ ಉತ್ತರ. ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದ ನಮಗೆ ಈ ವಾದ, ಪ್ರತಿವಾದ ಎಲ್ಲ ಹೊಸತಲ್ಲ, ಆದ್ರೆ ಸರ್ಕಾರದ ಪುಸ್ತಕದಲ್ಲಿ ಎರಡೂ ಕಡೆಯವರಿಗೆ ಸಮನಾದ ಜಾಗ ಕೊಟ್ಟದ್ದು ನೋಡಿ ತುಂಬ ಖುಷಿ ಆಯ್ತು. ಆ ಪುಟಗಳ ಅಡಿಯಲ್ಲಿ ಇವು ಬರೆದವರ ಅಭಿಪ್ರಾಯ, ಸರಿಯೋ ತಪ್ಪೋ ಅಂತ ಯಾವ ಸರ್ಕಾರಿ ಏಜೆನ್ಸಿಯೂ ಪರೀಕ್ಷೆ ಮಾಡಿಲ್ಲ ಅಂತ ಸ್ಪಷ್ಟ ಹಾಕಿದ್ದಾರೆ. ಅಚ್ಚಿಗೆ ಹೋಗುವ ಮುಂಚೆ 20 ದಿನ ಎಲ್ಲವನ್ನೂ ಸಾರ್ವಜನಿಕರ ಎದುರು ಇಡ್ತಾರಂತೆ, ಸುಳ್ಳೋ ದಾರಿ ತಪ್ಪಿಸುವಂಥದ್ದೋ ಕಂಡ್ರೆ ಯಾವ ವೋಟರ್ ಆದ್ರೂ ಕೋರ್ಟಿಗೆ ಹೋಗ್ಬಹುದು. ಕೊನೆಗೆ ಕಾನೂನಿನ ಪೂರ್ತಿ ಪಠ್ಯ ಸಣ್ಣ ಅಕ್ಷರದಲ್ಲಿ, ಅದನ್ನು ವಕೀಲರು ಬಿಟ್ಟು ಬೇರೆ ಯಾರೂ ಓದ್ಲಿಕ್ಕಿಲ್ಲ, ಇರ್ಲಿ.

ಹೆಸರಿನ ಕ್ರಮದ ಬಗ್ಗೆ ಕೂಡ ಹೇಳ್ಬೇಕು. ಪಟ್ಟಿಯಲ್ಲಿ ಮೇಲೆ ಇದ್ದವರಿಗೆ ಸುಮ್ನೆ ನಾಲ್ಕು ವೋಟು ಜಾಸ್ತಿ ಬೀಳ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಅಲ್ಲಿ ಅಕ್ಷರಮಾಲೆಯನ್ನೇ ಚೀಟಿ ಎತ್ತಿ ಕಲಸ್ತಾರೆ, 2003ರಲ್ಲಿ ಮೊದ್ಲು ಬಂದದ್ದು ಆರ್, ಆಮೇಲೆ ಡಬ್ಲ್ಯೂ, ಆಮೇಲೆ ಕ್ಯೂ. ಅಷ್ಟು ಮಾಡಿಯೂ ಸಾಕಾಗದೆ 80 ಅಸೆಂಬ್ಲಿ ಕ್ಷೇತ್ರಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೇಲಿನವರನ್ನು ತಳಕ್ಕೆ ಇಳಿಸ್ತಾರೆ. ಆ 2003ರ ಚುನಾವಣೆ ದೊಡ್ಡ ಕಥೆ, ಗ್ರೇ ಡೇವಿಸ್ ಅಂತ ಗವರ್ನರನ್ನು ಮಧ್ಯದಲ್ಲೇ ಇಳಿಸೂದಾ ಅಂತ ಒಂದು ಪ್ರಶ್ನೆ, ಇಳಿಸಿದ್ರೆ ಯಾರು ಅಂತ ಇನ್ನೊಂದು, ಆ ಎರಡನೇದ್ದಕ್ಕೆ ನಿಂತವರು 135 ಜನ! ನಿಲ್ಲಲಿಕ್ಕೆ 3,500 ಡಾಲರ್ ಮತ್ತು 65 ಸಹಿ ಸಾಕಿತ್ತು. ಗೆದ್ದದ್ದು ಅರ್ನಾಲ್ಡ್ ಶ್ವಾರ್ಜನೆಗ್ಗರ್, ಶೇಕಡಾ 48.6. ಪ್ರತಿ ಹೆಸರಿನ ಕೆಳಗೆ ಮೂರು ಶಬ್ದದೊಳಗೆ ಅವರ ಉದ್ಯೋಗ ಹಾಕ್ತಾರೆ, ಇವರದ್ದಕ್ಕೆ ನಟ, ಬಿಸಿನೆಸ್‌ಮ್ಯಾನ್ ಅಂತ ಇತ್ತು. ನಮ್ಮಲ್ಲಿಯೂ ಇಂಥ ಸಂತೆ ಆಗದೆ ಇಲ್ಲ, 2019ರಲ್ಲಿ ತೆಲಂಗಾಣದ ನಿಜಾಮಾಬಾದಲ್ಲಿ ಅರಿಶಿನ ಬೆಳೆಗಾರರು ಬೆಲೆಗಾಗಿ ಪ್ರತಿಭಟನೆ ಮಾಡಿ ತಾವೇ ನಿಂತದ್ದರಿಂದ ಒಟ್ಟು 185 ಅಭ್ಯರ್ಥಿಗಳಾಗಿ ಒಂದೊಂದು ಬೂತಿಗೆ 12 ಬ್ಯಾಲೆಟ್ ಯೂನಿಟ್ ಇಡ್ಬೇಕಾಯ್ತು.

ನಮ್ಮಲ್ಲಿ ಕ್ರಮ ಬೇರೆ. ಮೊದ್ಲು ಮಾನ್ಯತೆ ಪಡೆದ ಪಾರ್ಟಿಯವರು, ಆಮೇಲೆ ಬರೀ ನೋಂದಣಿ ಆದ ಪಾರ್ಟಿಯವರು, ಕೊನೆಗೆ ಪಕ್ಷೇತರರು, ಒಂದೊಂದು ಗುಂಪಿನೊಳಗೆ ಅಕ್ಷರ ಕ್ರಮ. ಚಿಹ್ನೆ ಉಂಟು, 2015ರಿಂದ ಫೋಟೋ ಕೂಡ ಬಂತು, ಓದ್ಲಿಕ್ಕೆ ಬಾರದವರಿಗೂ ಅನುಕೂಲ, ಅದರಲ್ಲಿ ನಾವು ಅವರಿಗಿಂತ ಮುಂದೆ ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಮೆಶಿನಿನ ಮೇಲೆ ಮಲಯಾಳದ ಜೊತೆ ಕನ್ನಡದಲ್ಲಿಯೂ ಹೆಸರು ಇರ್ತದೆ. ಅದು ಸುಮ್ನೆ ಬಂದದ್ದಲ್ಲ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದಲ್ಲಿಂದ ಹಿರಿಯರು ಕೇಳಿ ಕೇಳಿ ಉಳಿಸಿಕೊಂಡ ಭಾಷೆಯ ಹಕ್ಕುಗಳಲ್ಲಿ ಅದೂ ಒಂದು.

ಆದ್ರೆ ಬೂತಿನ ಒಳಗೆ ಹೋದ ಮೇಲೆ ಕನ್ನಡ ಸಿಕ್ಕಿದ್ರೆ ಸಾಕಾಗೂದಿಲ್ಲ, ಅದಕ್ಕೆ ಮುಂಚೆ ಮನೆಯಲ್ಲಿ ಕೂತು ಓದ್ಲಿಕ್ಕೆ ಬೇಕು, ನನ್ನ ಮುಖ್ಯ ಮಾತು ಇದೇ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದಾಗಿ ಪ್ರತಿ ಅಭ್ಯರ್ಥಿಯೂ ಆಸ್ತಿ, ಸಾಲ, ಓದು, ಮೇಲಿರುವ ಕ್ರಿಮಿನಲ್ ಕೇಸು ಎಲ್ಲ ಅಫಿದವಿತ್‌ನಲ್ಲಿ ಬರೆದು ಕೊಡ್ಬೇಕು. ಒಳ್ಳೆ ಕಾನೂನು. ಕ್ಯಾಲಿಫೋರ್ನಿಯಾದ ಆ 250 ಶಬ್ದಕ್ಕಿಂತ ಇದರಲ್ಲಿ ಗಟ್ಟಿ ವಿಷಯ ಎಷ್ಟೋ ಜಾಸ್ತಿ. ಆದ್ರೆ ನಾನು ತೆಗೆದು ನೋಡಿದವೆಲ್ಲ ಒಂದೋ ಮಲಯಾಳದಲ್ಲಿ ಇಲ್ಲದಿದ್ರೆ ಇಂಗ್ಲಿಷಲ್ಲಿ, ಸ್ಕ್ಯಾನ್ ಮಾಡಿದ ಪುಟಗಳು, ಮೊಬೈಲಲ್ಲಿ ಎಷ್ಟು ದೊಡ್ಡದು ಮಾಡಿದ್ರೂ ಅಪ್ಪನಂಥವರಿಗೆ ಓದ್ಲಿಕ್ಕೆ ಸಾಧ್ಯವೇ ಇಲ್ಲ. ಅಪ್ಪ ಕನ್ನಡ ಶಾಲೆಯಲ್ಲಿ ಓದಿದವರು, ಮಲಯಾಳ ಮಾತಾಡ್ತಾರೆ, ಲಿಪಿ ಬರೂದಿಲ್ಲ, ಇಂಥವರು ನಮ್ಮ ಪಂಚಾಯತಿಯಲ್ಲೇ ಎಷ್ಟು ಜನ ಇದ್ದಾರೆ. ಅವರಿಗೆ ಅಭ್ಯರ್ಥಿಯ ಬಗ್ಗೆ ಗೊತ್ತಾಗೂದು ಯಾರೋ ಹೇಳಿದ್ರಿಂದ ಮಾತ್ರ, ಹೇಳಿದವನು ಯಾವ ಪಾರ್ಟಿಯವನು ಅನ್ನೂದರ ಮೇಲೆ ವಿಷಯವೂ ಬದಲಾಗ್ತದೆ.

ಒಂದೊಂದು ವೋಟಿನ ಬೆಲೆ ಗೊತ್ತಿಲ್ಲದ ಕ್ಷೇತ್ರವೂ ನಮ್ಮದಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು 89 ವೋಟಿನಲ್ಲಿ. ಅದೇ ಚುನಾವಣೆಯಲ್ಲಿ, ಸೋತವರ ಹೆಸರಿಗೆ ಹತ್ತಿರದ ಹೆಸರು ಇದ್ದ ಇನ್ನೊಬ್ಬರಿಗೆ 467 ವೋಟು ಬಿತ್ತು. ಅದರಲ್ಲಿ ಎಷ್ಟು ಮನಸ್ಸಿನಿಂದ ಬಿದ್ದದ್ದು, ಎಷ್ಟು ಗೊಂದಲದಿಂದ ಬಿದ್ದದ್ದು ಅಂತ ಯಾರಿಗೂ ಹೇಳ್ಲಿಕ್ಕೆ ಆಗೂದಿಲ್ಲ, ಎರಡನೇದ್ದನ್ನು ಕಡಿಮೆ ಮಾಡುವ ದಾರಿ ಮಾತ್ರ ಉಂಟು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದ ಅಂತರವೂ 745 ಅಷ್ಟೇ.

ಪ್ರಿಂಟ್ ಮಾಡ್ಲಿಕ್ಕೆ ಸಮಯ ಇಲ್ಲ ಅಂತ ಹೇಳುವವರು ಇದ್ದಾರೆ. ಅಲ್ಲಿ ಚುನಾವಣೆಗೆ 40 ದಿನ ಇರುವಾಗ ಕಳಿಸ್ಲಿಕ್ಕೆ ಶುರು ಮಾಡಿ 21 ದಿನ ಇರುವಾಗ ಮುಗಿಸ್ತಾರೆ, ನಮ್ಮಲ್ಲಿ ನಾಮಪತ್ರ ವಾಪಸು ತೆಗೆಯುವ ಕೊನೆಯ ದಿನ ಕಳೆದು ಸುಮಾರು ಎರಡು ವಾರ ಸಿಗ್ತದೆ, ವ್ಯತ್ಯಾಸ ಇರೂದು ಹೌದು. ಆದ್ರೆ ಅಷ್ಟೇ ದಿನದಲ್ಲಿ ಎರಡು ಭಾಷೆಯ ಬ್ಯಾಲೆಟ್ ಅಚ್ಚಾಗ್ತದೆ, ವೋಟರ್ ಸ್ಲಿಪ್ ಮನೆ ಬಾಗಿಲಿಗೆ ಬರ್ತದೆ. ಸ್ಲಿಪ್ ಕೊಡ್ಲಿಕ್ಕೆ ಬರುವವರ ಕೈಯಲ್ಲೇ ನಾಲ್ಕು ಪುಟದ ಒಂದು ಕನ್ನಡ ಹಾಳೆ ಕಳಿಸ್ಬಹುದು, ಒಬ್ಬ ಅಭ್ಯರ್ಥಿಗೆ ಅರ್ಧ ಪುಟ, ಫೋಟೋ, ಚಿಹ್ನೆ, ಅಫಿದವಿತ್‌ನ ಸಾರ, ಅವರದ್ದೇ ಮಾತಿನಲ್ಲಿ ನೂರು ಶಬ್ದ. ಅಭ್ಯರ್ಥಿ ದುಡ್ಡು ಕಟ್ಬೇಕು ಅಂತ ಮಾತ್ರ ಇರ್ಬಾರದು.

ಭಾಷೆಯ ವಿಷಯ ಕೇಳುವವರಿಗೆ: ಈ ಕ್ಯಾಲಿಫೋರ್ನಿಯಾ ಗೈಡ್ 10 ಭಾಷೆಯಲ್ಲಿ ಸಿಗ್ತದೆ. ಇಂಗ್ಲಿಷ್, ಸ್ಪ್ಯಾನಿಷ್, ಚೈನೀಸ್, ಜಪಾನಿ, ಕೊರಿಯನ್, ವಿಯೆಟ್ನಾಮಿ, ಥಾಯ್, ಖ್ಮೇರ್, ಟಗಾಲೊಗ್, ಮತ್ತೆ ನಮ್ಮ ಹಿಂದಿ. ಕನ್ನಡ ಇಲ್ಲ. ಅಷ್ಟು ಕನ್ನಡಿಗರು ಇರುವ ಬೇ ಏರಿಯಾದವರು ಒಟ್ಟಾಗಿ ಒಂದು ಮನವಿ ಕೊಟ್ರೆ ಒಳ್ಳೆದು ಅಂತ ಅಕ್ಕನ ಮಗಳಿಗೆ ಹೇಳಿದ್ದೇನೆ, ಮನವಿ ಬರೀಲಿಕ್ಕೆ ನಮ್ಮ ಊರಿನವರಿಗೆ ಅಭ್ಯಾಸ ಉಂಟು, ಬೇಕಾದ್ರೆ ನಾನೇ ಬರೆದು ಕೊಡ್ತೇನೆ.

ಐದರಲ್ಲಿ ನಾಲ್ಕು ಸ್ಟಾರ್. ನಿಮ್ಮ ಮಕ್ಕಳು ಅಲ್ಲಿಯ ಸಿಟಿಜನ್ ಆಗಿದ್ರೆ ಪುಸ್ತಕ ಬಂದಾಗ ಬಿಸಾಡ್ಬೇಡಿ ಅಂತ ಹೇಳಿ, ಅವರ ಜೊತೆ ಅಲ್ಲೇ ಇದ್ದು ಸಿಟಿಜನ್ ಆದ ಅಪ್ಪ ಅಮ್ಮಂದಿರಿಗೆ ಕಣ್ಣು ಮಂಜು ಇದ್ರೆ ದೊಡ್ಡ ಅಕ್ಷರದ್ದೂ ಕೇಳುವ ಆಡಿಯೋದ್ದೂ ಪುಕ್ಕಟೆ ಸಿಗ್ತದೆ. ನ್ಯೂಸಮ್ ಎರಡು ಅವಧಿ ಮುಗಿಸುವುದರಿಂದ 2026ಕ್ಕೆ ಅಲ್ಲಿ ಪುನಃ ಹೊಸ ಗವರ್ನರ್ ಆರಿಸ್ಬೇಕು, ಆ ವರ್ಷದ ಗೈಡನ್ನೂ ಇಟ್ಟಿರು ಅಂತ ಅವಳಿಗೆ ಹೇಳಿ ಆಗಿದೆ, ಅಪ್ಪನಿಗೂ ಅದು ಬೇಕಂತೆ.